ವಿಯೆಟ್ನಾಂ ಇಲ್ಲಾ ಬಾಂಗ್ಲಾದೇಶ: ನಿಮ್ಮ ಕಂಟೈನರಿಗೆ ಎಲ್ಲಿಂದ ಹಡಗು ಸಲೀಸು?

ಏಷ್ಯಾದಲ್ಲಿ ಬಟ್ಟೆ, ಶೂ, ಬ್ಯಾಗ್ ಮಾಡಿಸಿ ಯುರೋಪಿಗೋ ಅಮೆರಿಕಕ್ಕೋ ಕಳಿಸುವ ವ್ಯಾಪಾರಿಗಳು ಅನೇಕ ಸಲ ಎರಡು ಹೆಸರುಗಳ ಮುಂದೆ ಬಂದು ನಿಲ್ಲುತ್ತಾರೆ. ವಿಯೆಟ್ನಾಂ ಇಲ್ಲಾ ಬಾಂಗ್ಲಾದೇಶ. ಆಗ ಎಲ್ಲರೂ ಮೊದಲು ನೋಡುವುದು ಹೊಲಿಗೆ ಕೂಲಿ, ಪೀಸಿನ ರೇಟು, ಸುಂಕ. ನೋಡಲೇಬೇಕು, ತಪ್ಪಿಲ್ಲ. ಆದರೆ ಮಾಲು ಫ್ಯಾಕ್ಟರಿ ಗೇಟು ದಾಟಿದ ಮೇಲೆ ಎಷ್ಟು ಹಡಗು ಹತ್ತಿ ಇಳಿಯಬೇಕು, ಒಂದು ಹಡಗು ತಪ್ಪಿದರೆ ಮುಂದಿನದು ಯಾವಾಗ, ಒಯ್ಯುವ ಕಂಪನಿಗಳು ಎಷ್ಟಿವೆ, ಇದನ್ನು ಆರ್ಡರ್ ಕೊಡುವ ಮೊದಲು ಕೇಳುವವರು ಕಡಿಮೆ. ಆರ್ಡರ್ ಕೊಟ್ಟ ಮೇಲೆ ಕೇಳಿದರೆ ಪ್ರಯೋಜನ ಇಲ್ಲ, ಅಲ್ವಾ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಡಗಿನ ಸಂಪರ್ಕದಲ್ಲಿ ವಿಯೆಟ್ನಾಂ ಮುಂದಿದೆ. ಸ್ವಲ್ಪ ಅಲ್ಲ, ಬಹಳ ಮುಂದಿದೆ. ಹಾಗಂತ ಬಾಂಗ್ಲಾದೇಶವನ್ನು ಪಟ್ಟಿಯಿಂದ ಹೊಡೆದು ಹಾಕಬೇಕಾಗಿಲ್ಲ. ಆ ಅಂತರ ಎಲ್ಲ ದಾರಿಯಲ್ಲೂ ಒಂದೇ ತರ ಇಲ್ಲ. ನಿಮ್ಮ ಮಾಲು ಯಾವುದು, ಯಾವ ಕಡೆಗೆ ಹೋಗಬೇಕು, ಎಷ್ಟು ಅವಸರ, ಇದರ ಮೇಲೆ ಆ ಅಂತರ ದೊಡ್ಡದೂ ಆಗುತ್ತದೆ, ಚಿಕ್ಕದೂ ಆಗುತ್ತದೆ.

ಸೂಚ್ಯಂಕ ಏನನ್ನು ಎಣಿಸುತ್ತದೆ

ದೇಶ ದೇಶಗಳನ್ನು ಹೋಲಿಸಲು ಎಲ್ಲರೂ ಹಿಡಿಯುವ ಅಳತೆ ಒಂದಿದೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗ, ಅಂದರೆ ಅಂಕ್ಟಾಡ್, ಕೊಡುವ ಲೈನರ್ ಶಿಪ್ಪಿಂಗ್ ಕನೆಕ್ಟಿವಿಟಿ ಇಂಡೆಕ್ಸ್. ಚಿಕ್ಕದಾಗಿ ಎಲ್‌ಎಸ್‌ಸಿಐ. 2004ರಿಂದ ಇದರ ಅಂಕಿಗಳು ಸಿಗುತ್ತವೆ. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು.

ಅದು ಆರು ವಿಷಯ ಎಣಿಸುತ್ತದೆ. ವಾರಕ್ಕೆ ಎಷ್ಟು ಸಲ ಹಡಗು ಆ ದೇಶಕ್ಕೆ ಬರುತ್ತದೆ, ಆ ಹಡಗುಗಳಲ್ಲಿ ಒಟ್ಟು ಎಷ್ಟು ಕಂಟೈನರ್ ಹಿಡಿಯುತ್ತದೆ, ಎಷ್ಟು ನಿಯಮಿತ ಸರ್ವಿಸ್‌ಗಳಿವೆ, ಎಷ್ಟು ಹಡಗು ಕಂಪನಿಗಳಿವೆ, ಬರುವ ಸರ್ವಿಸ್‌ಗಳಲ್ಲಿ ದೊಡ್ಡ ಹಡಗುಗಳದ್ದು ಯಾವುದೋ ಅದರ ಸರಾಸರಿ ಅಳತೆ ಎಷ್ಟು, ಮತ್ತು ಹಡಗು ಬದಲಾಯಿಸದೆ ನೇರವಾಗಿ ಎಷ್ಟು ದೇಶ ಮುಟ್ಟಬಹುದು. ಕೊನೆಯದನ್ನು 2019ರಲ್ಲಿ ಸೇರಿಸಿದರು. ನನ್ನ ಮಟ್ಟಿಗೆ ಆರರಲ್ಲಿ ಅದೇ ಮುಖ್ಯ. ಉಳಿದ ಐದು ಹಡಗಿನ ಲೆಕ್ಕ ಹೇಳುತ್ತವೆ, ಇದೊಂದು ಮಾಲಿನ ಲೆಕ್ಕ ಹೇಳುತ್ತದೆ.

ಈ ಪಟ್ಟಿಯಲ್ಲಿ ಚೀನಾ ಎಲ್ಲರಿಗಿಂತ ಮೇಲಿದೆ. ವಿಯೆಟ್ನಾಂ ಮೊದಲ ಹತ್ತರ ಆಸುಪಾಸಿನಲ್ಲಿದೆ. ಬಾಂಗ್ಲಾದೇಶ ತುಂಬಾ ಕೆಳಗಿದೆ. ಅಕ್ಕಪಕ್ಕದ ಶ್ರೀಲಂಕಾ, ಭಾರತ, ಪಾಕಿಸ್ತಾನಕ್ಕಿಂತಲೂ ಕೆಳಗೆ.

ಒಂದು ಅಂಕಿ ನೋಡಿ ತೀರ್ಮಾನ ಮಾಡಿದರೆ ಎಲ್ಲಿ ಎಡವುತ್ತೇವೆ ಅನ್ನುವುದಕ್ಕೆ ಶ್ರೀಲಂಕಾವೇ ಒಳ್ಳೆ ಉದಾಹರಣೆ. ಚಿಕ್ಕ ದೇಶ, ಅದರ ಸ್ವಂತ ಮಾಲು ಕಡಿಮೆ. ಆದರೂ ಸೂಚ್ಯಂಕ ಮೇಲಿದೆ. ಯಾಕೆಂದರೆ ಕೊಲಂಬೊದಲ್ಲಿ ಇಳಿದು ಹತ್ತುವ ಪೆಟ್ಟಿಗೆಗಳಲ್ಲಿ, ಅಂದರೆ ಕಂಟೈನರ್‌ಗಳಲ್ಲಿ, ಬಹುಪಾಲು ಬೇರೆ ದೇಶದವು. ಒಂದು ಹಡಗಿನಿಂದ ಇಳಿದು ಇನ್ನೊಂದು ಹತ್ತುತ್ತವೆ, ಅಷ್ಟೇ. ಅದನ್ನೇ ಟ್ರಾನ್ಸ್‌ಶಿಪ್‌ಮೆಂಟ್ ಅನ್ನುವುದು. ಅಂದರೆ ಸೂಚ್ಯಂಕ ಹೇಳುವುದು ‘ಈ ದೇಶಕ್ಕೆ ಹಡಗು ಬರುತ್ತದೆಯೇ’ ಅಂತ. ‘ಈ ದೇಶದ ಮಾಲು ಸಮಯಕ್ಕೆ ಹೊರಡುತ್ತದೆಯೇ’ ಅಂತ ಅಲ್ಲ. ಬಾಡಿಗೆ ಎಷ್ಟು, ಹಡಗಿನಲ್ಲಿ ಜಾಗ ಸಿಗುತ್ತದೋ ಇಲ್ಲವೋ, ಹೆದ್ದಾರಿಯಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ, ಕಸ್ಟಮ್ಸ್‌ನಲ್ಲಿ ಎಷ್ಟು ದಿನ, ಇದ್ಯಾವುದೂ ಅದರೊಳಗೆ ಇಲ್ಲ. ವೇಳಾಪಟ್ಟಿಯಲ್ಲಿ ಇರುವುದನ್ನು ಎಣಿಸುತ್ತಾರೆ. ವೇಳಾಪಟ್ಟಿಯಂತೆ ಹಡಗು ಬಂತೋ ಇಲ್ಲವೋ ಅನ್ನುವುದು ಬೇರೆ ಮಾತು.

ವಿಯೆಟ್ನಾಂ ಕಡೆ

2009ಕ್ಕೆ ಮುಂಚೆ ವಿಯೆಟ್ನಾಂ ಕೂಡ ಹೆಚ್ಚುಕಡಿಮೆ ಇವತ್ತಿನ ಬಾಂಗ್ಲಾದೇಶದ ತರವೇ ಇತ್ತು. ಹೋ ಚಿ ಮಿನ್ ಸಿಟಿಯ ಬಂದರುಗಳು ನದಿಯ ಒಳಗೆ. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಚಿಕ್ಕ ಫೀಡರ್ ಹಡಗಿನಲ್ಲಿ ಪೆಟ್ಟಿಗೆ ಸಿಂಗಾಪುರಕ್ಕೋ ಹಾಂಗ್‌ಕಾಂಗ್‌ಗೋ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತಬೇಕಿತ್ತು. ಆ ವರ್ಷ ಕಾಯ್ ಮೆಪ್ ಅನ್ನುವ ಕಡೆ, ನದಿ ಸಮುದ್ರ ಸೇರುವ ಜಾಗದಲ್ಲಿ, ಆಳದ ನೀರಿನ ಮೊದಲ ಕಂಟೈನರ್ ಟರ್ಮಿನಲ್ ಶುರುವಾಯಿತು. ಅಮೆರಿಕಕ್ಕೆ ನೇರ ಹಡಗು ಹೊರಟಿತು. ಶುರುವಿನಲ್ಲಿ ಕೆಲವು ವರ್ಷ ಅಲ್ಲಿ ಮಾಲೇ ಸಾಲದೆ ಟರ್ಮಿನಲ್‌ಗಳು ಖಾಲಿ ಹೊಡೆಯುತ್ತಿದ್ದವು. ಆಮೇಲೆ ತುಂಬಿದವು. 2017ರಲ್ಲಿ 18 ಸಾವಿರ ಟಿಇಯು ದಾಟಿದ ಹಡಗು ಬಂತು. ಒಂದು ಟಿಇಯು ಅಂದರೆ 20 ಅಡಿಯ ಒಂದು ಪೆಟ್ಟಿಗೆ, 40 ಅಡಿಯದು ಎರಡಕ್ಕೆ ಲೆಕ್ಕ. 2023ರ ಮಾರ್ಚ್‌ನಲ್ಲಿ 24,188 ಟಿಇಯು ಹಿಡಿಸುವ ಓಒಸಿಎಲ್ ಸ್ಪೇನ್ ಅನ್ನುವ ಹಡಗು ಅಲ್ಲಿಗೇ ಬಂದು ನಿಂತಿತು. ಒಂದು ಟಿಇಯು ಅಂದರೆ 20 ಅಡಿಯ ಒಂದು ಪೆಟ್ಟಿಗೆ, 40 ಅಡಿಯದು ಎರಡಕ್ಕೆ ಲೆಕ್ಕ. ಲೋಕದಲ್ಲಿ ಇರುವ ಅತಿ ದೊಡ್ಡ ಕಂಟೈನರ್ ಹಡಗುಗಳ ಸಾಲಿನದು ಅದು.

ಕೆಲಸದ ವೇಗವೂ ಸಣ್ಣದಲ್ಲ. ವಿಶ್ವಬ್ಯಾಂಕ್ ಮತ್ತು ಎಸ್ ಅಂಡ್ ಪಿ ಗ್ಲೋಬಲ್ ಸೇರಿ ಮಾಡುವ ಬಂದರು ಕಾರ್ಯಕ್ಷಮತೆಯ ಪಟ್ಟಿಯಲ್ಲಿ, ಅಂದರೆ ಹಡಗು ಬಂದರಿನಲ್ಲಿ ಎಷ್ಟು ಹೊತ್ತು ಕಳೆಯಿತು ಅನ್ನುವ ಪಟ್ಟಿಯಲ್ಲಿ, 2023ಕ್ಕೆ ಕಾಯ್ ಮೆಪ್ ಇಡೀ ಲೋಕಕ್ಕೆ 7ನೇ ಸ್ಥಾನ ಪಡೆಯಿತು. ಇದು ಹೆಮ್ಮೆ ಪಡುವ ಸಾಧನೆ. ನಗರದ ಕಾಟ್ ಲಾಯ್ ಟರ್ಮಿನಲ್‌ಗೂ ಕಾಯ್ ಮೆಪ್‌ಗೂ ನಡುವೆ ಹೆಚ್ಚಿನ ಪೆಟ್ಟಿಗೆಗಳು ಬಾರ್ಜ್ ಅನ್ನುವ ಚಪ್ಪಟೆ ದೋಣಿಗಳ ಮೇಲೆ ನದಿಯಲ್ಲೇ ಓಡಾಡುತ್ತವೆ. ರಸ್ತೆಯ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಕಡಿಮೆ.

ಆದರೆ ಇಲ್ಲೂ ಒಂದು ಎಚ್ಚರಿಕೆ ಇದೆ. ವಿಯೆಟ್ನಾಂ ಉದ್ದನೆಯ ದೇಶ. ‘ವಿಯೆಟ್ನಾಂನಿಂದ ನೇರ ಹಡಗಿದೆ’ ಅಂದರೆ ಸಾಲದು, ವಿಯೆಟ್ನಾಂನ ಯಾವ ಮೂಲೆಯಿಂದ ಅಂತ ಕೇಳಿ. ದಕ್ಷಿಣದ ಫ್ಯಾಕ್ಟರಿಗೆ ಕಾಯ್ ಮೆಪ್ ಇದೆ. ಉತ್ತರದ ಬಾಕ್ ನಿನ್, ಥಾಯ್ ನ್ಗುಯೆನ್ ಕಡೆಯ ಫ್ಯಾಕ್ಟರಿಗೆ ಹೈ ಫಾಂಗ್ ಬಂದರು. ಅಲ್ಲಿ ಬಹಳ ಕಾಲ ನದಿಯ ಟರ್ಮಿನಲ್‌ಗಳೇ ಗತಿಯಾಗಿದ್ದವು. 2018ರಲ್ಲಿ ಲಾಕ್ ಹುಯೆನ್‌ನಲ್ಲಿ ಆಳದ ಟರ್ಮಿನಲ್ ಶುರುವಾದ ಮೇಲೆ ದೊಡ್ಡ ಹಡಗು ಬರತೊಡಗಿದವು. ಆದರೂ ಅಲ್ಲಿನ ಸರ್ವಿಸ್‌ಗಳಲ್ಲಿ ಏಷ್ಯಾದ ಒಳಗಿನ ಓಡಾಟವೇ ಜಾಸ್ತಿ. ಮಧ್ಯದ ದಾ ನಾಂಗ್ ಕಡೆಯ ಫ್ಯಾಕ್ಟರಿ ಆದರೆ ದೂರದ ಖಂಡಕ್ಕೆ ಹೋಗುವ ಪೆಟ್ಟಿಗೆ ಹೆಚ್ಚಾಗಿ ಫೀಡರ್ ಹತ್ತಲೇಬೇಕು. ಒಂದೇ ದೇಶ, ಒಂದೇ ಸೂಚ್ಯಂಕ, ಮೂರು ಬೇರೆ ಬೇರೆ ಅನುಭವ. ಇದಕ್ಕಾಗಿಯೇ ಅಂಕ್ಟಾಡ್ ಬಂದರುಗಳಿಗೂ ಪ್ರತ್ಯೇಕ ಅಂಕಿ ಕೊಡುತ್ತದೆ. ದೇಶದ ಅಂಕಿಗಿಂತ ಅದನ್ನೇ ಮೊದಲು ನೋಡಿ.

ಬಾಂಗ್ಲಾದೇಶ ಕಡೆ

ಇಲ್ಲಿ ಕಥೆ ಒಂದೇ ಊರಿನದು. ಚಟ್ಟಗ್ರಾಮ್, ಹಳೆಯ ಹೆಸರು ಚಿತ್ತಗಾಂಗ್. ದೇಶದ ಕಂಟೈನರ್‌ಗಳಲ್ಲಿ ಬಹುತೇಕ ಎಲ್ಲವೂ ಈ ಒಂದೇ ಬಂದರಿನಿಂದ ಓಡಾಡುತ್ತವೆ. ಮೋಂಗ್ಲಾ ಅಂತ ಇನ್ನೊಂದಿದೆ, ಆದರೆ ಅಲ್ಲಿ ಕಂಟೈನರ್ ಕೆಲಸ ತೀರಾ ಸ್ವಲ್ಪ. 2024ರಲ್ಲಿ ಚಟ್ಟಗ್ರಾಮ್ ಸುಮಾರು 33 ಲಕ್ಷ ಟಿಇಯು ನಿಭಾಯಿಸಿತು. ಇರುವ ಸೌಕರ್ಯದಲ್ಲಿ ಇಷ್ಟು ಮಾಡುವುದು ದೊಡ್ಡ ಕೆಲಸವೇ.

ತೊಂದರೆ ನೀರಿನದು. ಬಂದರು ಕರ್ಣಫುಲಿ ನದಿಯೊಳಗೆ ಇದೆ. ಬಹಳ ವರ್ಷ 9.5 ಮೀಟರ್ ಆಳ, 190 ಮೀಟರ್ ಉದ್ದ ದಾಟಿದ ಹಡಗಿಗೆ ಜೆಟ್ಟಿಗೆ ಬರಲು ಬಿಡುತ್ತಿರಲಿಲ್ಲ. 2023ರಲ್ಲಿ ಅದನ್ನು 10 ಮೀಟರ್, 200 ಮೀಟರ್‌ಗೆ ಏರಿಸಿದರು. ಕಾಯ್ ಮೆಪ್‌ಗೆ ಬಂದ ಆ 24 ಸಾವಿರದ ಹಡಗು ಸುಮಾರು 400 ಮೀಟರ್ ಉದ್ದ. ಅಂದರೆ ಚಟ್ಟಗ್ರಾಮ್‌ನಲ್ಲಿ ನಿಲ್ಲಬಹುದಾದ ಹಡಗಿನ ಎರಡರಷ್ಟು. ಜೊತೆಗೆ ಉಬ್ಬರ ಬಂದಾಗಲೇ ಹಡಗು ನದಿಯೊಳಗೆ ಬರಬೇಕು. ಆ ಸಮಯ ತಪ್ಪಿದರೆ ಹೊರಗೆ ಲಂಗರು ಹಾಕಿ ಕಾಯಬೇಕು.

ಹೀಗಾಗಿ ಯುರೋಪ್, ಅಮೆರಿಕಕ್ಕೆ ಹೋಗುವ ಮಾಲು ಫೀಡರ್ ಹತ್ತಿ ಕೊಲಂಬೊ, ಸಿಂಗಾಪುರ, ಮಲೇಷ್ಯಾದ ಪೋರ್ಟ್ ಕ್ಲಾಂಗ್ ಅಥವಾ ತಂಜುಂಗ್ ಪೆಲೆಪಾಸ್ ಮುಟ್ಟುತ್ತದೆ. ಅಲ್ಲಿ ಮದರ್ ವೆಸೆಲ್‌ಗೆ, ಅಂದರೆ ದೂರದ ಖಂಡಕ್ಕೆ ಹೋಗುವ ದೊಡ್ಡ ಹಡಗಿಗೆ, ಕಾಯುತ್ತದೆ. ಇದಕ್ಕೊಂದು ಅಪವಾದವೂ ಆಗಿತ್ತು. 2022ರ ಫೆಬ್ರವರಿಯಲ್ಲಿ ಚಟ್ಟಗ್ರಾಮ್‌ನಿಂದ ಇಟಲಿಯ ರವೆನ್ನಾಗೆ ನೇರ ಹಡಗು ಹೊರಟಿತು. ಬಟ್ಟೆ ತುಂಬಿದ ಚಿಕ್ಕ ಹಡಗು, ಸುಮಾರು 16 ದಿನದ ದಾರಿ. ಕೋವಿಡ್ ಕಾಲದ ಗದ್ದಲದಲ್ಲಿ ಹಡಗು ಬದಲಾಯಿಸಿ ಹೋಗುವ ಮಾಲಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ದಿನ ಹಿಡಿಯುತ್ತಿತ್ತು. ಅದು ಮಾಡಿ ತೋರಿಸಿದ್ದು ಇಷ್ಟು: ಭೂಪಟದಲ್ಲಿ ಬಾಂಗ್ಲಾದೇಶ ಯುರೋಪಿಗೆ ವಿಯೆಟ್ನಾಂಗಿಂತ ಹತ್ತಿರ. ದೂರ ಮಾಡಿರುವುದು ಸಮುದ್ರ ಅಲ್ಲ, ನದಿಯ ಆಳ.

ಖಾಲಿ ಪೆಟ್ಟಿಗೆಯ ತಲೆನೋವೂ ಒಂದಿದೆ, ಇದನ್ನು ಹೊರಗಿನವರು ಗಮನಿಸುವುದಿಲ್ಲ. ಬಾಂಗ್ಲಾದೇಶಕ್ಕೆ ಬರುವ ತೂಕದ ಸರಕು ಬಹಳಷ್ಟು 20 ಅಡಿಯ ಪೆಟ್ಟಿಗೆಯಲ್ಲಿ ಬರುತ್ತದೆ. ಹೊರಗೆ ಹೋಗುವ ಬಟ್ಟೆಗೆ ಬೇಕಾದದ್ದು 40 ಅಡಿಯ ಹೈ ಕ್ಯೂಬ್, ಅಂದರೆ ಎತ್ತರ ಜಾಸ್ತಿ ಇರುವ ಪೆಟ್ಟಿಗೆ. ಬಂದದ್ದು ಒಂದು, ಬೇಕಾದದ್ದು ಇನ್ನೊಂದು. ಹಾಗಾಗಿ ಖಾಲಿ 40 ಅಡಿಯವನ್ನು ಹೊರಗಿನಿಂದ ಫೀಡರ್‌ನಲ್ಲಿ ಹೊತ್ತು ತರಬೇಕು. ಸೀಸನ್‌ನಲ್ಲಿ ಹಡಗಿನ ಜಾಗ ಸಿಕ್ಕರೂ ಪೆಟ್ಟಿಗೆ ಸಿಗದೆ ಮಾಲು ಡಿಪೋದಲ್ಲಿ ಕೂರುವುದುಂಟು.

ಹಡಗು ಬದಲಾಯಿಸುವುದು ಅಂದರೆ ನಿಜಕ್ಕೂ ಏನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎರಡು ದೇಶಗಳ ನಡುವಿನ ಇಡೀ ವ್ಯತ್ಯಾಸ ಇಲ್ಲೇ ಇದೆ.

ಫೀಡರ್ ವಾರಕ್ಕೊಮ್ಮೆ ಹೊರಡುತ್ತದೆ ಅಂದುಕೊಳ್ಳಿ. ದೊಡ್ಡ ಹಡಗೂ ವಾರಕ್ಕೊಮ್ಮೆ. ಫೀಡರ್ ಮಂಗಳವಾರ ಮುಟ್ಟಬೇಕು, ದೊಡ್ಡದು ಗುರುವಾರ ಹೊರಡಬೇಕು. ಎರಡು ದಿನದ ಅಂತರ, ಚೆನ್ನಾಗಿದೆ. ಆದರೆ ಫೀಡರ್ ನದಿಯ ಹೊರಗೆ ಉಬ್ಬರಕ್ಕೆ ಕಾದು, ಜೆಟ್ಟಿಗೆ ಕಾದು, ಮೂರು ದಿನ ತಡ ಮಾಡಿದರೆ? ಗುರುವಾರದ ಹಡಗು ಹೋಯಿತು. ಮೂರು ದಿನದ ತಡ ಒಂದು ವಾರದ ತಡವಾಯಿತು. ಆ ವಾರದ ಹಡಗು ಮೊದಲೇ ತುಂಬಿದ್ದರೆ ನಿಮ್ಮ ಪೆಟ್ಟಿಗೆಯನ್ನು ‘ರೋಲ್’ ಮಾಡುತ್ತಾರೆ, ಅಂದರೆ ಅದರ ಮುಂದಿನ ವಾರಕ್ಕೆ ತಳ್ಳುತ್ತಾರೆ.

ಲೆಕ್ಕ ಹೀಗೆ ಮಾಡಿ. ಒಂದೊಂದು ಹಡಗೂ ಹತ್ತರಲ್ಲಿ ಏಳು ಸಲ ಸಮಯಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ನೇರ ಹಡಗಾದರೆ ಹತ್ತರಲ್ಲಿ ಏಳು ಸಲ ನಿಮಗೆ ಚಿಂತೆ ಇಲ್ಲ. ಎರಡು ಹಡಗಾದರೆ ಎರಡೂ ಸರಿಯಾಗಿ ಬರಬೇಕು. ಅದು ಹತ್ತರಲ್ಲಿ ಐದು ಸಲ ಮಾತ್ರ ಆಗುತ್ತದೆ. ದಾರಿಯ ದಿನ ಜಾಸ್ತಿ ಅನ್ನುವುದು ಅಷ್ಟು ದೊಡ್ಡ ಪೆಟ್ಟಲ್ಲ. ಯಾವ ದಿನ ಮುಟ್ಟುತ್ತದೆ ಅಂತ ಹೇಳಲು ಆಗುವುದಿಲ್ಲ ಅನ್ನುವುದೇ ಪೆಟ್ಟು.

ನಾನೇ ಒಮ್ಮೆ ಇದನ್ನು ಅನುಭವಿಸಿದ್ದೇನೆ. ಒಂದು ದೊಡ್ಡ ಟ್ರಾನ್ಸ್‌ಶಿಪ್‌ಮೆಂಟ್ ಬಂದರಿನಲ್ಲಿ ನಮ್ಮ ಪೆಟ್ಟಿಗೆ ಇಳಿದದ್ದು ಟ್ರ್ಯಾಕಿಂಗ್‌ನಲ್ಲಿ ಕಾಣುತ್ತಿತ್ತು. ಮುಂದಿನ ಹಡಗೂ ಅದೇ ಟರ್ಮಿನಲ್‌ನಲ್ಲಿ ನಿಂತಿತ್ತು. ಆದರೂ ಹತ್ತಿಸಲಿಲ್ಲ. ಹನ್ನೊಂದು ದಿನ ದಿನಾ ಬೆಳಗ್ಗೆ ಎದ್ದು ಅದೇ ಒಂದು ಸಾಲು ನೋಡುವುದು, ಫಾರ್ವರ್ಡರ್‌ಗೆ, ಅಂದರೆ ಮಾಲು ಸಾಗಿಸಿಕೊಡುವ ಏಜೆಂಟ್‌ಗೆ, ಫೋನ್ ಮಾಡುವುದು, ಆ ಕಡೆಯಿಂದ ಅದೇ ಉತ್ತರ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಅಂದಿನಿಂದ ನಾನು ಬಾಡಿಗೆ ಕೇಳುವ ಮೊದಲು ಎಷ್ಟು ಹಡಗು ಬದಲಾಯಿಸಬೇಕು ಅಂತ ಕೇಳುತ್ತೇನೆ.

ಇದು ನನ್ನೊಬ್ಬನ ಗೋಳಲ್ಲ. ನೇರ ಸಂಪರ್ಕ ಇಲ್ಲದ ದೇಶಗಳ ನಡುವೆ, ಒಂದೊಂದು ಹೆಚ್ಚಿನ ಟ್ರಾನ್ಸ್‌ಶಿಪ್‌ಮೆಂಟ್‌ಗೂ ವ್ಯಾಪಾರ ಸುಮಾರು 40 ಶೇಕಡಾ ಕಡಿಮೆ ಇರುತ್ತದೆ ಅಂತ ಅಂಕ್ಟಾಡ್‌ನ ಸಂಶೋಧಕರೇ ಕಂಡುಕೊಂಡಿದ್ದಾರೆ. ಯಾವುದು ಕಾರಣ, ಯಾವುದು ಪರಿಣಾಮ ಅಂತ ವಾದ ಮಾಡಬಹುದು, ಮಾಲು ಇರುವಲ್ಲಿಗೆ ತಾನೇ ಹಡಗು ಬರುವುದು. ಆದರೆ ಎರಡೂ ಜೊತೆಜೊತೆಗೆ ಇರುವುದಂತೂ ನಿಜ.

ಇನ್ನೊಂದು ಮಾತು. ಬೇರೆಯವರ ಬಂದರು ನಂಬಿಕೊಂಡರೆ ಅಲ್ಲಿನ ಕಷ್ಟವೂ ನಿಮ್ಮದೇ ಆಗುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್ ಸುತ್ತಿಕೊಂಡು ಹೋಗತೊಡಗಿದವು. ವೇಳಾಪಟ್ಟಿ ಕೆಟ್ಟು 2024ರಲ್ಲಿ ಸಿಂಗಾಪುರದಲ್ಲಿ, ಕೊಲಂಬೊದಲ್ಲಿ ಪೆಟ್ಟಿಗೆಗಳು ರಾಶಿ ಬಿದ್ದವು. ಯುರೋಪಿಗೆ ಹೋಗುವ ದಾರಿ ಉದ್ದವಾದದ್ದು ವಿಯೆಟ್ನಾಂಗೂ ಬಾಂಗ್ಲಾದೇಶಕ್ಕೂ ಒಂದೇ. ಆದರೆ ಬಾಂಗ್ಲಾದೇಶದ ಪೆಟ್ಟಿಗೆಗೆ ಆ ಉದ್ದದ ಜೊತೆ ನಡುದಾರಿಯ ಗದ್ದಲವೂ ಸೇರಿಕೊಂಡಿತು.

ಹಾಗಂತ ಎಲ್ಲ ಟ್ರಾನ್ಸ್‌ಶಿಪ್‌ಮೆಂಟೂ ಕೆಟ್ಟದ್ದು ಅಂತ ಹೇಳಿದರೆ ಅನ್ಯಾಯ. 2025ರ ಫೆಬ್ರವರಿಯಲ್ಲಿ ಮೇರ್ಸ್ಕ್ ಮತ್ತು ಹಪಾಗ್ ಲಾಯ್ಡ್ ಸೇರಿ ಶುರು ಮಾಡಿದ ಜೆಮಿನಿ ಜಾಲ ನಿಂತಿರುವುದೇ ಹಡಗು ಬದಲಾಯಿಸುವುದರ ಮೇಲೆ. ದೊಡ್ಡ ಹಡಗು ಕೆಲವೇ ಬಂದರಿಗೆ ಬರುತ್ತದೆ, ಅಲ್ಲಿಂದ ಶಟಲ್ ಹಡಗು. ಹೀಗೆ ಹಡಗು ಬದಲಾಯಿಸುವ ಹಬ್ ಬಂದರುಗಳಲ್ಲಿ ಬಹಳಷ್ಟು ಅವರದ್ದೇ ಹಿಡಿತದಲ್ಲಿವೆ. 90 ಶೇಕಡಾಕ್ಕಿಂತ ಜಾಸ್ತಿ ಸಲ ಸಮಯಕ್ಕೆ ಮುಟ್ಟಿಸುವುದು ಅವರ ಗುರಿ. ಹಾಗಾಗಿ ಬಾಂಗ್ಲಾದೇಶದಿಂದ ಕಳಿಸುವಾಗ ಕೇಳಬೇಕಾದದ್ದು ಇದು: ಫೀಡರ್ ಯಾರದು? ದೊಡ್ಡ ಹಡಗಿನ ಕಂಪನಿಯದ್ದೇ ಸ್ವಂತದ್ದೋ, ಇಲ್ಲಾ ಎಲ್ಲರ ಪೆಟ್ಟಿಗೆ ಹೊರುವ ಸಾಮಾನ್ಯ ಫೀಡರ್ ಕಂಪನಿಯದ್ದೋ? ಸ್ವಂತ ಫೀಡರ್ ತಡವಾದರೆ ದೊಡ್ಡ ಹಡಗನ್ನು ಕೆಲವು ಗಂಟೆ ನಿಲ್ಲಿಸುವ ಸಾಧ್ಯತೆಯಾದರೂ ಇರುತ್ತದೆ. ಬೇರೆಯವರ ಫೀಡರ್‌ಗೆ ಯಾರು ಕಾಯುತ್ತಾರೆ?

ನಿಮ್ಮ ದಾರಿ ಯಾವುದು

ಅಮೆರಿಕದ ಪಶ್ಚಿಮ ಕರಾವಳಿಗಾದರೆ ಯೋಚನೆಯೇ ಬೇಡ, ವಿಯೆಟ್ನಾಂ. ಕಾಯ್ ಮೆಪ್‌ನಿಂದ ಪೆಸಿಫಿಕ್ ದಾಟುವ ನೇರ ಹಡಗುಗಳಿವೆ, ಕಂಪನಿಗಳೂ ಹಲವು. ಬಾಂಗ್ಲಾದೇಶದಿಂದ ಅದೇ ಕಡೆಗೆ ಹೋಗಬೇಕಾದರೆ ಫೀಡರ್, ಕಾಯುವುದು, ಆಮೇಲೆ ಪೆಸಿಫಿಕ್. ಫರ್ನಿಚರ್, ಶೂ ತರದ ಜಾಗ ತಿನ್ನುವ ಮಾಲಿಗೆ ಬಾಡಿಗೆಯೇ ಬೆಲೆಯ ದೊಡ್ಡ ಪಾಲು. ಅಂಥದ್ದಕ್ಕೆ ದೊಡ್ಡ ಹಡಗು, ಹೆಚ್ಚು ಕಂಪನಿ ಇರುವ ಕಡೆಯೇ ಲಾಭ.

ಅಮೆರಿಕದ ಪೂರ್ವ ಕರಾವಳಿಗೆ ವಿಯೆಟ್ನಾಂ ಇನ್ನೂ ಮುಂದಿದೆ, ಆದರೆ ಅಂತರ ಸ್ವಲ್ಪ ಕಡಿಮೆ. ದಾರಿಯೇ ಉದ್ದ, ಅದರಲ್ಲಿ ಫೀಡರ್‌ನ ಪಾಲು ಚಿಕ್ಕದಾಗಿ ಕಾಣುತ್ತದೆ.

ಯುರೋಪಿಗೆ ಬಂದರೆ ಲೆಕ್ಕ ನಿಜವಾಗಲೂ ಬಿಗಿ. ಇಲ್ಲಿ ಬಾಂಗ್ಲಾದೇಶದ ಮಾಲನ್ನು ಯಾವ ಹಬ್ ಮೂಲಕ ಕಳಿಸುತ್ತೀರಿ ಅನ್ನುವುದೇ ಎಲ್ಲ. ಕೊಲಂಬೊ ಮೂಲಕ ಹೋದರೆ ಪೆಟ್ಟಿಗೆ ಸರಿಯಾದ ದಿಕ್ಕಿಗೇ ಹೋಗುತ್ತಿರುತ್ತದೆ. ಸಿಂಗಾಪುರ ಇಲ್ಲಾ ಮಲೇಷ್ಯಾ ಮೂಲಕ ಆದರೆ ಪಶ್ಚಿಮಕ್ಕೆ ಹೋಗಬೇಕಾದ ಪೆಟ್ಟಿಗೆ ಮೊದಲು ಪೂರ್ವಕ್ಕೆ ಹೋಗಿ, ಮತ್ತೆ ಅದೇ ಸಮುದ್ರ ದಾಟಿ ವಾಪಸ್ ಬರುತ್ತದೆ. ಕೊಟೇಶನ್‌ನಲ್ಲಿ ಎರಡೂ ‘ಚಟ್ಟಗ್ರಾಮ್ – ಹ್ಯಾಂಬರ್ಗ್’ ಅಂತಲೇ ಇರುತ್ತದೆ, ಒಳಗೆ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಕೊಲಂಬೊ ಮೂಲಕ ಒಳ್ಳೆಯ ಕನೆಕ್ಷನ್ ಸಿಕ್ಕರೆ ಬಾಂಗ್ಲಾದೇಶ ದಿನದ ಲೆಕ್ಕದಲ್ಲಿ ವಿಯೆಟ್ನಾಂಗೆ ಹತ್ತಿರ ಬಂದು ನಿಲ್ಲಬಹುದು. ಜೊತೆಗೆ ಸುಂಕದ ಮಾತೂ ಇದೆ. ಬಡ ದೇಶಗಳಿಗೆ ಯುರೋಪಿಯನ್ ಒಕ್ಕೂಟ ಕೊಟ್ಟ ರಿಯಾಯಿತಿಯಲ್ಲಿ ಬಾಂಗ್ಲಾದೇಶದ ಬಟ್ಟೆ ಸುಂಕವಿಲ್ಲದೆ ಒಳಗೆ ಹೋಗುತ್ತದೆ. ವಿಯೆಟ್ನಾಂಗೆ 2020ರ ಆಗಸ್ಟ್‌ನಿಂದ ಮುಕ್ತ ವ್ಯಾಪಾರ ಒಪ್ಪಂದ ಇದೆ, ಆದರೆ ಬಟ್ಟೆಗೆ ನೇಯ್ಗೆ ಎಲ್ಲಿಯದು ಅನ್ನುವ ಷರತ್ತು ಬಿಗಿ. ಎರಡು ಹಡಗಿನ ತೊಂದರೆಯನ್ನು ಸುಂಕದ ಉಳಿತಾಯ ತುಂಬಿಕೊಡುತ್ತದೆಯೋ ಅಂತ ನಿಮ್ಮ ಮಾಲಿನ ಮೇಲೆ ಲೆಕ್ಕ ಹಾಕಲೇಬೇಕು.

ಜಪಾನ್, ಕೊರಿಯಾಕ್ಕೆ ವಿಯೆಟ್ನಾಂ. ಇದರಲ್ಲಿ ಮಾತೇ ಇಲ್ಲ.

ಹೊರಗೆ ಹೋಗುವ ದಾರಿ ಮಾತ್ರ ನೋಡಿ ನಿಲ್ಲಬೇಡಿ. ಒಳಗೆ ಬರುವ ದಾರಿಯೂ ಅಷ್ಟೇ ಮುಖ್ಯ. ನಿಮ್ಮ ಜಾಕೆಟ್‌ಗೆ ಚೀನಾದ ಬಟ್ಟೆ ಬೇಕು ಅಂದರೆ ಆ ಬಟ್ಟೆ ಫ್ಯಾಕ್ಟರಿಗೆ ಬರಬೇಕಲ್ಲ? ವಿಯೆಟ್ನಾಂ ಚೀನಾಕ್ಕೆ ಅಂಟಿಕೊಂಡೇ ಇದೆ. ಹಡಗಿಗೆ ಕೆಲವೇ ದಿನ, ಅವಸರ ಇದ್ದರೆ ಗಡಿಯಲ್ಲಿ ಲಾರಿ. ಬಾಂಗ್ಲಾದೇಶದ ಬಗ್ಗೆ ಒಂದು ಒಳ್ಳೆಯ ಸುದ್ದಿ ಏನೆಂದರೆ ಚೀನಾದಿಂದ ಚಟ್ಟಗ್ರಾಮ್‌ಗೆ ನೇರ ಸರ್ವಿಸ್‌ಗಳಿವೆ. ಯುರೋಪಿನ ದಾರಿಯಷ್ಟು ಕಷ್ಟ ಈ ಕಡೆ ಇಲ್ಲ. ಇನ್ನು ಟೀ ಶರ್ಟ್, ಪೋಲೊ ತರದ ನಿಟ್ ಬಟ್ಟೆಯಾದರೆ ನೂಲು ತೆಗೆಯುವುದರಿಂದ ಬಣ್ಣ ಹಾಕುವವರೆಗೆ ಬಹಳಷ್ಟು ಬಾಂಗ್ಲಾದೇಶದಲ್ಲೇ ಆಗುತ್ತದೆ. ಹತ್ತಿ ಮಾತ್ರ ಹೊರಗಿನಿಂದ ಬರುತ್ತದೆ, ಅದನ್ನು ಮಿಲ್‌ಗಳು ಮೊದಲೇ ದಾಸ್ತಾನು ಮಾಡಿರುತ್ತವೆ. ಆರ್ಡರ್‌ನ ಒಟ್ಟು ದಿನ ಎಣಿಸಿದರೆ ಫೀಡರ್‌ನಲ್ಲಿ ಕಳೆದದ್ದನ್ನು ಬಟ್ಟೆ ಕಾಯುವುದರಲ್ಲಿ ಉಳಿಸಬಹುದು. ನೇಯ್ದ ಬಟ್ಟೆಯ ಜಾಕೆಟ್‌ಗೆ ಈ ಅನುಕೂಲ ಅಷ್ಟು ಸಿಗುವುದಿಲ್ಲ.

ತಡದ ಬೆಲೆ ಎಷ್ಟು

ಒಂದು ಪೆಟ್ಟಿಗೆಯಲ್ಲಿ 1 ಲಕ್ಷ ಡಾಲರ್‌ನ ಬಟ್ಟೆ ಇದೆ ಅಂದುಕೊಳ್ಳಿ. ವರ್ಷಕ್ಕೆ 12 ಶೇಕಡಾ ಬಡ್ಡಿ ಹಿಡಿದರೆ ದಿನಕ್ಕೆ ಸುಮಾರು 33 ಡಾಲರ್. ಹತ್ತು ದಿನ ತಡವಾದರೆ 330. ಅಷ್ಟೇ! ಪೀಸಿನ ರೇಟಿನಲ್ಲಿ ಸ್ವಲ್ಪ ಕಡಿಮೆ ಸಿಕ್ಕರೂ ಇದು ತುಂಬಿಹೋಗುತ್ತದೆ. ವರ್ಷವಿಡೀ ಮಾರುವ ಬಿಳಿ ಬನಿಯನ್ನು, ಒಳ ಉಡುಪನ್ನು ಬಾಂಗ್ಲಾದೇಶದಿಂದ ತರಿಸುವವರಿಗೆ ಹಡಗಿನ ಸಂಪರ್ಕ ಅಷ್ಟಾಗಿ ಯಾಕೆ ಕಾಡುವುದಿಲ್ಲ ಅಂದರೆ ಇದೇ ಕಾರಣ. ಗೋಡೌನ್‌ನಲ್ಲಿ ಎರಡು ವಾರದ ಮಾಲು ಜಾಸ್ತಿ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ.

ಆದರೆ ಸೀಸನ್ ಮಾಲು ಬೇರೆ. ಹಬ್ಬಕ್ಕೆ ಬರಬೇಕಾದದ್ದು ಹಬ್ಬ ಮುಗಿದ ಮೇಲೆ ಬಂದರೆ ಬಡ್ಡಿಯ ಲೆಕ್ಕ ಯಾರಿಗೆ ಬೇಕು? ಅರ್ಧ ಬೆಲೆಗೆ ಮಾರಬೇಕು, ಇಲ್ಲಾ ವಿಮಾನದಲ್ಲಿ ಕಳಿಸಬೇಕು. ವಿಮಾನ ಅಂದರೆ ಇಡೀ ಲಾಭ ಅಲ್ಲೇ ಕರಗಿತು. ಬಾಂಗ್ಲಾದೇಶದ ರಫ್ತುದಾರರು ಮೊದಲು ಅವಸರದ ಮಾಲನ್ನು ಲಾರಿಯಲ್ಲಿ ಭಾರತಕ್ಕೆ ತಂದು ಅಲ್ಲಿನ ವಿಮಾನ ನಿಲ್ದಾಣಗಳಿಂದಲೂ ಕಳಿಸುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಭಾರತ ಆ ಸೌಲಭ್ಯ ನಿಲ್ಲಿಸಿತು. ಈಗ ಢಾಕಾ ವಿಮಾನ ನಿಲ್ದಾಣದ ಮೇಲೆಯೇ ಹೆಚ್ಚಿನ ಭಾರ.

ಇದರ ಮೇಲೆ ನೆಲದ ದಾರಿಯೂ ಇದೆ. ವಿಶ್ವಬ್ಯಾಂಕ್‌ನ 2023ರ ಲಾಜಿಸ್ಟಿಕ್ಸ್ ಪಟ್ಟಿಯಲ್ಲಿ ವಿಯೆಟ್ನಾಂ 43ನೇ ಸ್ಥಾನ, ಬಾಂಗ್ಲಾದೇಶ 88. ಅದು ಬಂದರನ್ನು ಮಾತ್ರವಲ್ಲ, ಕಸ್ಟಮ್ಸ್, ರಸ್ತೆ, ಮಾಲಿನ ಪತ್ತೆ, ಎಲ್ಲ ನೋಡುತ್ತದೆ. ಢಾಕಾ ಸುತ್ತಲಿನ ಫ್ಯಾಕ್ಟರಿಯಿಂದ ಬಟ್ಟೆ ಮುಚ್ಚಿದ ವ್ಯಾನ್‌ನಲ್ಲಿ ಸುಮಾರು 250 ಕಿಲೋಮೀಟರ್ ಹೆದ್ದಾರಿ ದಾಟಿ ಚಟ್ಟಗ್ರಾಮ್‌ನ ಖಾಸಗಿ ಡಿಪೋಗೆ ಬರುತ್ತದೆ, ಅಲ್ಲಿ ಕಂಟೈನರ್‌ಗೆ ತುಂಬುತ್ತಾರೆ. 2024ರ ಜುಲೈನಲ್ಲಿ ಕರ್ಫ್ಯೂ ಹಾಕಿ, ಇಂಟರ್ನೆಟ್ ನಿಲ್ಲಿಸಿದಾಗ ಕಸ್ಟಮ್ಸ್ ಕೆಲಸ ನಿಂತು ಬಂದರಿನಲ್ಲಿ ಪೆಟ್ಟಿಗೆಗಳು ಸಿಕ್ಕಿಕೊಂಡವು. ಒಂದೇ ಬಾಗಿಲಿರುವ ಮನೆಗೆ ಆ ಬಾಗಿಲು ಮುಚ್ಚಿದರೆ ಬೇರೆ ದಾರಿ ಇರುವುದಿಲ್ಲ. ವಿಯೆಟ್ನಾಂನಲ್ಲಿ ಉತ್ತರಕ್ಕೆ ಏನಾದರೂ ಆದರೆ ದಕ್ಷಿಣ ಇದೆ.

ಕೊಟೇಶನ್ ಬಂದಾಗ ಏನು ಕೇಳಬೇಕು

ಎಫ್‌ಒಬಿ ರೇಟಿಗೆ ಖರೀದಿಸುತ್ತಿದ್ದರೆ ಮಾಲು ಹಡಗು ಹತ್ತಿದ ಮೇಲಿನದೆಲ್ಲ ನಿಮ್ಮ ತಲೆಗೇ. ಹಾಗಾಗಿ ಫ್ಯಾಕ್ಟರಿಯನ್ನು ನಂಬಿ ಕೂರಬೇಡಿ, ನಿಮ್ಮ ಫಾರ್ವರ್ಡರ್‌ನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ‘ಎಷ್ಟು ದಿನ’ ಅಂತ ಕೇಳಿದರೆ ಒಳ್ಳೆಯ ದಿನದ ಲೆಕ್ಕ ಹೇಳುತ್ತಾರೆ. ಅದರ ಬದಲು ಕಳೆದ ಮೂರು ತಿಂಗಳಲ್ಲಿ ಇದೇ ದಾರಿಯಲ್ಲಿ ಹೋದ ಹತ್ತು ಪೆಟ್ಟಿಗೆಗಳ ಹೊರಟ ದಿನ, ಮುಟ್ಟಿದ ದಿನ ಕೇಳಿ. ಕೊಡದಿದ್ದರೆ ಅದೇ ಒಂದು ಉತ್ತರ. ಕೊಟ್ಟರೆ ಸರಾಸರಿ ನೋಡಬೇಡಿ, ಎಲ್ಲಕ್ಕಿಂತ ತಡವಾದದ್ದು ಎಷ್ಟು ದಿನ ಅಂತ ನೋಡಿ. ನೀವು ದಾಸ್ತಾನು ಇಡಬೇಕಾದದ್ದು ಅದಕ್ಕೆ.

ಹಬ್ ಯಾವುದು, ಅಲ್ಲಿ ಎಷ್ಟು ದಿನದ ಅಂತರ, ತಪ್ಪಿದರೆ ಮುಂದಿನ ಹಡಗು ಯಾವಾಗ, ಇದನ್ನೂ ಕೇಳಿ. ಒಂದೇ ದಾರಿಗೆ ಬೇರೆ ಬೇರೆ ಕಂಪನಿ ಎಷ್ಟಿವೆ ಅಂತ ಕೇಳುವಾಗ ಒಂದು ಎಚ್ಚರ ಇರಲಿ. ಐದು ಕಂಪನಿ ರೇಟು ಕೊಟ್ಟರೂ ಒಮ್ಮೊಮ್ಮೆ ಐವರದ್ದೂ ಪೆಟ್ಟಿಗೆ ಹತ್ತುವುದು ಒಂದೇ ಹಡಗು. ಒಕ್ಕೂಟದಲ್ಲಿ ಜಾಗ ಹಂಚಿಕೊಂಡಿರುತ್ತಾರೆ. ಹಡಗಿನ ಹೆಸರು ಕೇಳಿದರೆ ಗೊತ್ತಾಗುತ್ತದೆ. ಬಾಡಿಗೆಗೆ ಚೌಕಾಸಿ ಮಾಡಲು ಐದು ಕಂಪನಿ ಸಾಕು, ಆದರೆ ಆ ಒಂದು ಹಡಗು ನಿಂತರೆ ಐದೂ ನಿಂತಂತೆ.

ಎಲ್ಲ ಸೇರಿಸಿ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಅಮೆರಿಕದ ಮಾರುಕಟ್ಟೆ, ಶೂ, ಫರ್ನಿಚರ್, ಎಲೆಕ್ಟ್ರಾನಿಕ್ಸ್, ಸೀಸನ್ ಫ್ಯಾಶನ್: ವಿಯೆಟ್ನಾಂ, ಅದರಲ್ಲೂ ದಕ್ಷಿಣ. ಯುರೋಪಿಗೆ ವರ್ಷವಿಡೀ ಹೋಗುವ ನಿಟ್ ಬಟ್ಟೆ: ಬಾಂಗ್ಲಾದೇಶ, ಕೊಲಂಬೊ ಮೂಲಕ, ಎರಡು ವಾರದ ಹೆಚ್ಚಿನ ದಾಸ್ತಾನು ಇಟ್ಟುಕೊಂಡು. ಯುರೋಪಿಗೆ ಸೀಸನ್ ಮಾಲನ್ನು ಬಾಂಗ್ಲಾದೇಶದಿಂದಲೇ ತರಿಸಬೇಕು ಅಂದರೆ ಮಾಲು ಫ್ಯಾಕ್ಟರಿಯಿಂದ ಮೂರು ವಾರ ಮೊದಲೇ ಹೊರಡುವಂತೆ ತಾರೀಕು ಇಡಿ. ಆಗದಿದ್ದರೆ ಬಿಡಿ.

ಈ ಚಿತ್ರ ಹೀಗೇ ಇರುವುದಿಲ್ಲ. ಬಾಂಗ್ಲಾದೇಶದ ಮಾತಾರ್‌ಬಾರಿಯಲ್ಲಿ ಜಪಾನಿನ ಸಾಲದಿಂದ ಆಳ ಸಮುದ್ರದ ಬಂದರು ಕಟ್ಟುತ್ತಿದ್ದಾರೆ. 2025ರಲ್ಲಿ ಜಪಾನಿ ಕಂಪನಿಗಳ ಜೊತೆ ಕಾಮಗಾರಿಯ ಒಪ್ಪಂದ ಆಯಿತು. ಅಲ್ಲಿನ ಕಾಲುವೆಯ ಆಳ 16 ಮೀಟರ್ ಇರಬೇಕು ಅನ್ನುವುದು ಯೋಜನೆ. ಕರ್ಣಫುಲಿಯ 10 ಮೀಟರ್ ನೆನಪಿಸಿಕೊಂಡರೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತಾಗುತ್ತದೆ. ವಿಯೆಟ್ನಾಂ ಕೂಡ ಸುಮ್ನೆ ಕೂತಿಲ್ಲ. ಹೋ ಚಿ ಮಿನ್ ಸಿಟಿಯ ಕಾನ್ ಜ್ಯೊ ಕಡೆ ದೊಡ್ಡ ಟ್ರಾನ್ಸ್‌ಶಿಪ್‌ಮೆಂಟ್ ಬಂದರಿಗೆ ಸರ್ಕಾರ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಿಂದೆ ಸಿಂಗಾಪುರಕ್ಕೆ ಹೋಗಿ ಹಡಗು ಹತ್ತುತ್ತಿದ್ದ ದೇಶ ಈಗ ಬೇರೆಯವರ ಪೆಟ್ಟಿಗೆಯನ್ನು ತನ್ನಲ್ಲಿ ಹತ್ತಿಸಲು ಹೊರಟಿದೆ. ಐದು ವರ್ಷದ ಗುತ್ತಿಗೆ ಮಾಡಿಕೊಳ್ಳುವವರು ಮಾತಾರ್‌ಬಾರಿಯ ಕೆಲಸ ಎಲ್ಲಿಗೆ ಬಂತು ಅಂತ ಆರು ತಿಂಗಳಿಗೊಮ್ಮೆ ನೋಡುತ್ತಿರಿ. ಈ ಸೀಸನ್‌ಗೆ ಆರ್ಡರ್ ಕೊಡುವವರಿಗೆ ಇವತ್ತಿನ ಫೀಡರ್ ವೇಳಾಪಟ್ಟಿಯೇ ಲೆಕ್ಕ.